ನಡುವೆ ಬಂದ ದ್ರಾಕ್ಷಿ

ಅಮೃತ್ ಪೋರ್ಟೊನೋವಾ ವಿಸ್ಕಿಯ ಬಾಟಲಿಯ ಮೇಲೆ ಮದ್ಯಸಾರ ಶೇ. 62.1 ಎಂದು ಅಚ್ಚಾಗಿದೆ. ಮಂಗಳೂರಿನ ಜೆಪ್ಪುವಿನ ಏಪ್ರಿಲ್ ಸೆಕೆಯಲ್ಲಿ ಈ ಅಂಕಿಯನ್ನು ಹಗುರವಾಗಿ ಕಾಣುವಂತಿಲ್ಲ. ನೇತ್ರಾವತಿ ಕಡೆಯ ಗಾಳಿಗೆ ಮೈಯ ಬೆವರು ಆರುವುದಿಲ್ಲ; ಗ್ಲಾಸಿನ ಮದ್ಯಸಾರ ಮಾತ್ರ ಸರಸರ ಮೇಲೇಳುತ್ತದೆ. ಮೂಗಿಟ್ಟವನಿಗೆ ಮೊದಲು ಸಿಗುವುದು ಹೊಡೆತ, ಪರಿಮಳ ಆಮೇಲೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಕೂತು ಬರೆದವರ ಟಿಪ್ಪಣಿಗಳನ್ನು ಇಲ್ಲಿ ಅಷ್ಟಾಗಿ ನೆಚ್ಚಿಕೊಳ್ಳಬಾರದು. ಸ್ವಲ್ಪವೇ ಸುರಿದು, ಚಮಚದಲ್ಲಿ ನೀರು ಸೇರಿಸುತ್ತ ಹೋಗಬೇಕು.

ಇನ್ನೊಂದು ತೊಡಕು ನಮ್ಮ ಊರಿನದೇ. ಇಲ್ಲಿ ಪೋರ್ಟ್ ಅಂದರೆ ಗೋವಾದಿಂದ ಬರುವ ಅಗ್ಗದ ಸಿಹಿ ವೈನ್. ಕ್ರಿಸ್‌ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ಹಾಕಿ ಮನೆಯಲ್ಲೇ ವೈನ್ ಮಾಡುವವರೂ ಸಿಹಿಯನ್ನೇ ಮೆಚ್ಚುತ್ತಾರೆ. ಹಾಗಾಗಿ ಪೋರ್ಟ್ ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಎಂದೊಡನೆ ಶರಬತ್ತಿನಂಥದ್ದನ್ನು ನಿರೀಕ್ಷಿಸುತ್ತಾರೆ. ಪೋರ್ಚುಗಲ್ಲಿನ ಡೌರೋ ಕಣಿವೆಯ ಪೋರ್ಟ್ ಸಿಹಿಯೇ ನಿಜ. ದ್ರಾಕ್ಷಾರಸ ಹುಳಿಯುತ್ತಿರುವಾಗಲೇ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಸಾರಾಯಿ ಸುರಿಯುತ್ತಾರೆ. ಯೀಸ್ಟ್ ಸತ್ತು, ಹುಳಿಯದ ಸಕ್ಕರೆ ಉಳಿದು, ಮದ್ಯಸಾರ ಶೇ. 20ರ ಹತ್ತಿರಕ್ಕೆ ಬರುತ್ತದೆ. ಸ್ಪೇನಿನ ಹೆರೆಸ್ ಊರಿನ ಶೆರಿಯಲ್ಲಿ ಕ್ರಮ ಬೇರೆ: ಹುಳಿಯುವುದು ಪೂರ್ತಿ ಮುಗಿದ ಮೇಲೆ ಸಾರಾಯಿ. ಅದಕ್ಕೇ ಒಲೊರೋಸೊ ಶೆರಿ ಸಿಹಿಯಲ್ಲ. ಆದರೆ ಪೀಪಾಯಿಯಿಂದ ವಿಸ್ಕಿಗೆ ಸಿಹಿಯೊಂದೇ ಬರುವುದಿಲ್ಲ. ಮರ ಹೀರಿಕೊಂಡ ವೈನಿನ ಜೊತೆ ಬಣ್ಣ, ಹುಳಿ, ಒಗರು ಎಲ್ಲವೂ ಬರುತ್ತವೆ.

ಮಾಮೂಲು ಪದ್ಧತಿಯಲ್ಲಿ ಬರ್ಬನ್ ಪೀಪಾಯಿಯಲ್ಲಿ ಬೆಳೆದ ವಿಸ್ಕಿಯನ್ನು ಕೊನೆಗೆ ಕೆಲವು ತಿಂಗಳು ವೈನ್ ಪೀಪಾಯಿಗೆ ಹಾಕಿ, ಅಲ್ಲಿಂದ ನೇರ ಬಾಟಲಿಗೆ ಇಳಿಸುತ್ತಾರೆ. ಇದರಲ್ಲಿ ಮೋಸಕ್ಕೆ ದಾರಿ ಇದೆ. ಎಳಸು ವಿಸ್ಕಿಯ ಮುಖಕ್ಕೆ ಕೆಂಪು ಬಳಿದು ಮಾರಬಹುದು, ಮಾರುವವರೂ ಇದ್ದಾರೆ. ಬೆಂಗಳೂರಿನ ಕಂಬೀಪುರದ ಅಮೃತ್ ಕಾರ್ಖಾನೆಯವರು ಮಾಡಿದ್ದು ಬೇರೆ. ಹೊಸ ಅಮೆರಿಕನ್ ಓಕ್ ಮತ್ತು ಬರ್ಬನ್ ಪೀಪಾಯಿಗಳಲ್ಲಿ ಬೆಳೆದ ಮಾಲ್ಟನ್ನು ಪೋರ್ಟಿನ ದೊಡ್ಡ ಪೀಪಾಯಿಗೆ ದಾಟಿಸಿ, ಮತ್ತೆ ಬರ್ಬನ್ ಪೀಪಾಯಿಗೇ ತಂದರು. ವೈನ್ ಬರುವುದು ಕೊನೆಯಲ್ಲಲ್ಲ, ನಡುವೆ. ಮಾಲ್ಟಿಗೆ ಸಾವರಿಸಿಕೊಂಡು ತನ್ನ ದನಿ ಎತ್ತಲು ಇನ್ನೊಂದು ಅವಕಾಶ ಸಿಗುತ್ತದೆ. ನನಗೆ ಈ ಬಾಟಲಿಯ ನಿಜವಾದ ಸಾಧನೆ ಅನ್ನಿಸಿದ್ದು ಇದೇ.

ಬೆಂಗಳೂರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಇಲ್ಲಿ ಶೇ. 10ರಿಂದ 12. ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗುತ್ತದೆ, ಹೆಚ್ಚು ಕಾದರೆ ಮರವೇ ಅದನ್ನು ನುಂಗುತ್ತದೆ. ಬಾಟಲಿಯ ಮೇಲೆ ವಯಸ್ಸು ಇಲ್ಲವೆಂದು ಗೊಣಗುವವರು ಇದನ್ನು ಮರೆಯುತ್ತಾರೆ. 2004ರಲ್ಲಿ ಗ್ಲಾಸ್ಗೋದಲ್ಲಿ ಅಮೃತ್ ಮೊದಲು ಮಾರಾಟಕ್ಕೆ ಬಂದಾಗ ನಕ್ಕವರಿದ್ದರು. 2010ರ ಕೈಪಿಡಿಯಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅದೇ ಕಾರ್ಖಾನೆಯ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟ ಮೇಲೆ ನಗು ನಿಂತಿತು.

ಇನ್ನು ರುಚಿ. ನೀರಿಲ್ಲದೆ ಬಾಯಿಗಿಟ್ಟರೆ ನಾಲಿಗೆ ಜೋಮು ಹಿಡಿಯುತ್ತದೆ, ಅಷ್ಟೇ. ಒಂದು ಚಮಚ ನೀರು ಬಿದ್ದೊಡನೆ ಗ್ಲಾಸಿನಲ್ಲಿ ಎಣ್ಣೆಯಂಥ ಎಳೆಗಳು ಸುತ್ತಿಕೊಳ್ಳುತ್ತವೆ. ಓಲೆಬೆಲ್ಲ ಕಾಯಿಸಿದ ವಾಸನೆ, ಹಿಂದೆಯೇ ಒಣದ್ರಾಕ್ಷಿ. ಎರಡನೆಯ ಚಮಚಕ್ಕೆ ನೇರಳೆ ಹಣ್ಣು, ಚೂರು ಏಲಕ್ಕಿ. ಬಾಯಲ್ಲಿ ಮೊದಲು ಬೆಲ್ಲ, ಆಮೇಲೆ ಕಾಳುಮೆಣಸು, ಕಡೆಗೆ ಗೇರುಹಣ್ಣು ಕಚ್ಚಿದ ಹಾಗೆ ಗಂಟಲು ಹಿಡಿಯುವ ಒಗರು. ತಕರಾರು ಇರುವುದು ಈ ಒಗರಿನ ಬಗ್ಗೆಯೇ. ಹೊಸ ಓಕಿನ ಒಗರಿಗೆ ಪೋರ್ಟಿನ ಒಗರು ಕೂಡಿಕೊಂಡಿದೆ. ಬಾರ್ಲಿ ಎಲ್ಲಿ ಎಂದು ಹುಡುಕಬೇಕು. ಮೂರನೆಯ ಚಮಚ ನೀರಿಗೆ ಅದು ಸಿಗುತ್ತದೆ, ಹುರಿದ ಧಾನ್ಯದ ತೆಳು ವಾಸನೆಯಾಗಿ. ಆದರೆ ಅಷ್ಟರಲ್ಲಿ ನೇರಳೆ ಹೋಗಿರುತ್ತದೆ.

ವೈನನ್ನು ನಡುವೆ ತರುವ ಇದೇ ಉಪಾಯದಲ್ಲಿ ಅಮೃತ್ ಮಾಡಿದ ಇಂಟರ್‌ಮೀಡಿಯೆಟ್ ಶೆರಿ (ಶೇ. 57.1) ಹೆಚ್ಚು ಹದವಾಗಿದೆ. ಅದರಲ್ಲೂ ಹೊಸ ಓಕ್ ಇದೆ, ಆದರೆ ಶೆರಿ ಅದರ ಬಾಯಿ ಮುಚ್ಚಿಸಿದೆ: ಬಾದಾಮಿ, ಖರ್ಜೂರ, ಕಿತ್ತಳೆ ಸಿಪ್ಪೆ, ಅವುಗಳ ಅಡಿಯಲ್ಲಿ ಮಾಲ್ಟ್ ಕೊನೆಯವರೆಗೂ ಕೈಗೆ ಸಿಗುತ್ತದೆ. ಪೋರ್ಟೊನೋವಾಕ್ಕೆ ಅಬ್ಬರ ಹೆಚ್ಚು, ಪಾರ್ಟಿಯಲ್ಲಿ ಹೊಗಳಿಕೆಯೂ ಹೆಚ್ಚು. ಒಂದನ್ನೇ ಕೊಳ್ಳುವುದಾದರೆ ನಾನು ಶೆರಿಯನ್ನೇ ಕೊಳ್ಳುತ್ತೇನೆ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ನಮ್ಮಂಥದೇ ಕರಾವಳಿ ಹವೆಯ ಗೋವಾದಲ್ಲಿ ತಯಾರಿಸುವ ಪಾಲ್ ಜಾನ್ ಒಲೊರೋಸೊ (ಶೇ. 48) ಸೆಕೆಯಲ್ಲಿ ಕುಡಿಯಲು ಸಲೀಸು; ಸಿಹಿ ಶೆರಿಯ ಪೀಪಾಯಿಯಲ್ಲಿಟ್ಟ ಅವರದೇ ಪೆದ್ರೊ ಹಿಮೆನೆಸ್ ನನಗೆ ಸಿಹಿ ಜಾಸ್ತಿಯಾಯಿತು.

ಹಾಗೆಂದು ಪೋರ್ಟೊನೋವಾವನ್ನು ತಳ್ಳಿಹಾಕಲಾರೆ. ಜೆಪ್ಪುವಿನ ಕ್ಯಾಥೊಲಿಕ್ ಮನೆಗಳ ಹಂದಿ ಬಾಫಾತಿನ ಜೊತೆ ಅದಕ್ಕೆ ಬೇರೆಯೇ ಬೆಲೆ ಬರುತ್ತದೆ. ಬಾಫಾತ್ ಪುಡಿಯ ಖಾರ, ವಿನೆಗರಿನ ಹುಳಿ, ಕೊಬ್ಬಿನ ಜಿಡ್ಡು, ಇವುಗಳ ಎದುರು ಬರಿದೇ ಕುಡಿದಾಗ ಕಾಡಿದ ಒಗರು ಬಾಯಿಯನ್ನು ಶುದ್ಧ ಮಾಡಿಕೊಡುತ್ತದೆ, ಓಲೆಬೆಲ್ಲದ ಸಿಹಿ ಖಾರವನ್ನು ತಣಿಸುತ್ತದೆ. ಎರಡು ಚಮಚ ನೀರು ಸಾಕು, ಐಸ್ ಬೇಡ. ಐಸ್ ಹಾಕಿದರೆ ಸಿಹಿ ಅಡಗಿ ಒಗರೊಂದೇ ಉಳಿಯುತ್ತದೆ. ಕಾಣೆ ಫ್ರೈ ಇಟ್ಟುಕೊಂಡವರು ಮಾತ್ರ ಈ ಬಾಟಲಿ ಮುಟ್ಟದಿರುವುದೇ ಲೇಸು, ಮೀನಿನ ರುಚಿ ಅಲ್ಲಿಗೇ ಮುಗಿಯಿತು.