ಮೈಸೂರಿಗೆ ಅರ್ಪಿತವಾದ ಕನ್ಸರ್ಟೊ

ತುರ್ಕಿಯ ಅಹಮದ್ ಅದ್ನಾನ್ ಸೈಗೂನನ ವಾದ್ಯಮೇಳದ ರಚನೆಗಳನ್ನು ಕುರಿತು ಈ ವಾರ ಬರೆಯುವೆನೆಂದು ಮಾತು ಕೊಟ್ಟಿದ್ದೆನಷ್ಟೆ. 1936ರಲ್ಲಿ ಹಂಗೇರಿಯ ಬಾರ್ಟೋಕನೊಡನೆ ಅದಾನಾ ಸೀಮೆಯಲ್ಲಿ ಸಂಚರಿಸಿ ಹಳ್ಳಿಗರ ಹಾಡುಗಳನ್ನು ಸಂಗ್ರಹಿಸಿದ ಆ ಮಹನೀಯನು, ಅವುಗಳ ಮಟ್ಟುಗಳಿಗೆ ಪಿಟೀಲಿನ ಒಗ್ಗರಣೆ ಹಾಕಿ ಬಡಿಸದೆ, ಅವುಗಳ ಅಂತಸ್ಸತ್ತ್ವವನ್ನೇ ತನ್ನ ಕೃತಿಗಳಿಗೆ ಎರೆದನೆಂಬುದು ಇಂದಿನ ಫ್ಯೂಷನ್ ಪಂಥದವರು ಅವಶ್ಯವಾಗಿ ಕಿವಿಗೊಡಬೇಕಾದ ಸಂಗತಿ. ಆದರೆ ಅವನನ್ನರಸುತ್ತ ಹೊರಟವನಿಗೆ, ಅವನಷ್ಟೇ ಅಲಕ್ಷಿತನಾದರೂ ನಮ್ಮ ಮೈಸೂರಿನ ಋಣಾನುಬಂಧವುಳ್ಳ ಇನ್ನೊಬ್ಬನು ಎದುರಾದನು. ರಷ್ಯದ ನಿಕೊಲಾಯ್ ಮೆಟ್ನರ್. ಸೈಗೂನನು ಒಂದು ವಾರ ಕಾಯಲಿ.

1880ರಲ್ಲಿ ಮಾಸ್ಕೋದಲ್ಲಿ ಜನಿಸಿ, 1921ರಲ್ಲಿ ಸ್ವದೇಶವನ್ನು ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲಸಿದ ಈತನನ್ನು ರಖ್ಮಾನಿನೋವನ ನೆರಳೆಂದು ತಳ್ಳಿಹಾಕುವ ವಿಮರ್ಶಕ ಸಂಪ್ರದಾಯವೊಂದುಂಟು. ಅದರೊಡನೆ ನನ್ನ ವ್ಯಾಜ್ಯವು ಹಳೆಯದೆಂಬುದನ್ನು ಈ ಅಂಕಣದ ವಾಚಕರು ಬಲ್ಲರು. ಆ ರಖ್ಮಾನಿನೋವನೇ ತನ್ನ ನಾಲ್ಕನೆಯ ಕನ್ಸರ್ಟೊವನ್ನು ಮೆಟ್ನರನಿಗೆ ಅರ್ಪಿಸಿದ್ದನು. ನೆರಳಿಗೆ ಯಾರಾದರೂ ಕೃತಿಯನ್ನು ಅರ್ಪಿಸುವರೆ?

ಪಿಯಾನೊ ವಾದಕರಾಗಬೇಕೆಂದು ಹಂಬಲಿಸಿ, 1940ರಲ್ಲಿ ತಂದೆಯವರೂ ದೊಡ್ಡಪ್ಪನವರೂ ಕಾಲವಶರಾಗಲು ಮೈಸೂರಿನ ಸಿಂಹಾಸನವನ್ನೇರಬೇಕಾದ ಜಯಚಾಮರಾಜ ಒಡೆಯರು, ಆ ದಶಕದ ಕೊನೆಯಲ್ಲಿ ಮೆಟ್ನರ್ ಸಂಘಕ್ಕೆ ಧನವನ್ನೊದಗಿಸಿ, ವೃದ್ಧನೂ ಅಸ್ವಸ್ಥನೂ ಆಗಿದ್ದ ರಚನಕಾರನೇ ಪಿಯಾನೊ ನುಡಿಸುವಂತೆ ಮೂರು ಕನ್ಸರ್ಟೊಗಳನ್ನೂ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಧ್ವನಿಮುದ್ರಣ ಮಾಡಿಸಿದರು. ಮೂರನೆಯದು ಅವರಿಗೇ ಅರ್ಪಿತ. ಇದನ್ನು ಅರಸರ ದುಂದೆಂದು ಹಳಿಯುವವರು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಅದೇ ಅರಸರೆಂಬುದನ್ನು ಮರೆಯುತ್ತಾರೆ.

ಆ ಮೂರನೆಯ ಕನ್ಸರ್ಟೊ ಲೆರ್ಮೊಂತೊವನ ಒಂದು ಕಥನಕವನದಿಂದ ಹುಟ್ಟಿದುದು. ನದಿಯ ತಳದಲ್ಲಿ ಅಚೇತನನಾಗಿ ಮಲಗಿರುವ ವೀರನನ್ನು ಕುರಿತು ಹಾಡುವ ಜಲಕನ್ಯೆಯೊಬ್ಬಳ ಕಥೆ ಅಲ್ಲಿದೆ. ಎರಡು ದೀರ್ಘ ಭಾಗಗಳು, ನಡುವೆ ಕಿರಿದೊಂದು ಸಂಧಿ, ಎಲ್ಲಿಯೂ ವಿರಾಮವಿಲ್ಲ. ಪಾಶ್ಚಾತ್ಯ ರಸಿಕರಲ್ಲಿ ಕೆಲವರು ಇದನ್ನು ಹರಟೆಯ ಕೃತಿಯೆನ್ನುವರು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕಂಸಾಳೆಯ ದೇವರಗುಡ್ಡರು ಮಾದಪ್ಪನ ಕಥೆಯನ್ನೆತ್ತಿಕೊಂಡರೆ ಬೆಳಗಿನ ಜಾವದವರೆಗೂ ಜನ ಕದಲದೆ ಕುಳಿತಿರುತ್ತಾರೆ. ಒಂದೇ ಸೊಲ್ಲು ಮತ್ತೆ ಮತ್ತೆ ಮರಳಿ ಬಂದು, ಬಂದಾಗಲೆಲ್ಲ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸುವುದನ್ನು ಕೇಳಿದ ಕಿವಿಗೆ, ಮೆಟ್ನರನು ಒಂದೇ ಸ್ವರಗುಚ್ಛವನ್ನು ತಿರುತಿರುಗಿ ಹೊಸದಾಗಿಸುವ ಪರಿಯು ದುರೂಹವೆನಿಸದು.

ವಿಧಿಯ ವಿಡಂಬನೆಯನ್ನು ನೋಡಿರಿ: ವಿರಾಮವೇ ಇಲ್ಲದ ಈ ಅರ್ಧ ಗಂಟೆಗೂ ಮೀರಿದ ಕೃತಿಯು ಮೊದಲು ಜನರ ಕೈಸೇರಿದ್ದು, ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಸುತ್ತಿದ್ದ ಅರಗಿನ ಪ್ಲೇಟುಗಳಲ್ಲಿ. ವೀರನು ಎಚ್ಚರಗೊಳ್ಳುವ ಮುನ್ನ ಶ್ರೋತೃವು ಹಲವು ಸಲ ಎದ್ದು ಪ್ಲೇಟನ್ನು ಮಗುಚಿ, ಮುಳ್ಳನ್ನು ಕೂರಿಸಬೇಕಿತ್ತು! ಇಂದು ಮುರಿಯದೆ ಕೇಳುವ ಸೌಕರ್ಯವುಂಟು. ಆದರೂ ಮುಪ್ಪಿನಲ್ಲಿದ್ದ ಮೆಟ್ನರನ ಬೆರಳುಗಳ ಆ ಘನತೆ ನಾನು ಕೇಳಿದ ತರುಣವಾದಕರ ವೇಗದಲ್ಲಿ ನನಗೆ ದೊರೆಯಲಿಲ್ಲ.

ಅರಮನೆಯ ಊಳಿಗದಲ್ಲಿದ್ದವರ ಮನೆಗಳು ನಮ್ಮ ಜಿಲ್ಲೆಯಲ್ಲಿಯೂ ಇರಬಹುದಷ್ಟೆ. ಅಟ್ಟದ ಮೇಲೆ ನಾಯಿ ಮತ್ತು ಗ್ರಾಮಫೋನಿನ ಗುರುತುಳ್ಳ ಹಳೆಯ ಪ್ಲೇಟುಗಳೇನಾದರೂ ಇದ್ದರೆ, ದಯಮಾಡಿ ಗುಜರಿಯವನಿಗೆ ತೂಗಿ ಕೊಡುವ ಮುನ್ನ ಮೇಲಿನ ಹೆಸರನ್ನೊಮ್ಮೆ ಓದಿ ನೋಡಿರಿ.