ಸೋಮವಾರದ ಫೋಟೋ

ನಮ್ಮ ಮನೆಗೆ ಹಾಲು ಹಾಕುವ ಹೆಣ್ಣುಮಗಳು ಒಂದು ಸೋಮವಾರ ಬಹಳ ತಡಮಾಡಿ ಬಂದಳು. ಕೇಳಿದ್ದಕ್ಕೆ, "ಮಗನ ಫೋಟೋ ಕಳಸೂದಿತ್ತರಿ ಅಕ್ಕಾರ. ಊರಾಗ ಸಿಗ್ನಲ್ ಸಿಗಲಿಲ್ಲ, ಗುಡ್ಡದ ಮ್ಯಾಲ ಹೋಗಿದ್ವಿ" ಅಂದಳು. ಹುಡುಗನಿಗೆ ಹೆಣ್ಣು ಹುಡುಕುತ್ತಿದ್ದಾರೆಂದು ನಾನು ತಿಳಿದೆ. ಆಕೆ ಕ್ಯಾನು ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದ ಮೇಲೆ ನನ್ನ ನಗು ನಿಂತಿತು.

ಯಾವ ಊರು, ಯಾವ ಕಚೇರಿ ಎಂದು ನಾನು ಬರೆಯುವುದಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಯಾವ ತಾಲೂಕು ಎಂದುಕೊಂಡರೂ ಸರಿಯೇ. ಹುಡುಗನಿಗೆ ಹತ್ತೊಂಬತ್ತು ವರ್ಷ. ಗೆಳೆಯರ ಜೊತೆ ಸೇರಿ ಯಾರದೋ ಹೊಲದ ಪಂಪ್‌ಸೆಟ್ಟಿನ ಕೇಬಲ್ ಕದ್ದು, ತಾಮ್ರ ಮಾರುವಾಗ ಸಿಕ್ಕಿಬಿದ್ದಿದ್ದ. ನ್ಯಾಯಾಲಯ ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು, ಒಂದು ವರ್ಷ ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿರಬೇಕೆಂದು ಬಿಟ್ಟಿತ್ತು. ಓಡಾಟದ ತೊಂದರೆ ತಪ್ಪಲೆಂದು ಕಚೇರಿಯವರು ಕನಿಕರದಿಂದಲೇ ಒಂದು ದಾರಿ ಹೇಳಿದ್ದರು: ಪ್ರತಿ ಸೋಮವಾರ ಮನೆ ಮುಂದೆ ನಿಂತು ಫೋಟೋ ತೆಗೆದು, ಲೊಕೇಶನ್ ಸಮೇತ ವಾಟ್ಸಾಪಿನಲ್ಲಿ ಕಳಿಸಬೇಕು. ಹೀಗಾಗಿ ಫೋಟೋ ಮನೆಯದು, ಲೊಕೇಶನ್ ಗುಡ್ಡದ್ದು!

ಇದನ್ನು ಪೂರಾ ಹಳಿಯಲು ನನಗೆ ಮನಸ್ಸಿಲ್ಲ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾದಾಗ ಕಚೇರಿಗಳು ಧಾರವಾಡಕ್ಕಿಂತ ಹತ್ತಿರ ಬಂದವು, ನಿಜ. ಆದರೂ ಹಿರೇಕೆರೂರಿನಾಚೆ ಗೋವಿನಜೋಳ ಮುರಿಯಲು ಹೋಗುವವನಿಗೆ, ಸವಣೂರಿನ ಎಲೆಬಳ್ಳಿ ತೋಟದಲ್ಲಿ ದುಡಿಯುವವನಿಗೆ ಒಂದು ಸಹಿಗಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋದಂತೆ. ಫೋನು ಅದನ್ನು ಉಳಿಸುವುದಾದರೆ ಬೇಡವೆನ್ನಲು ನಾನ್ಯಾರು?

ಆದರೆ ಕುತೂಹಲಕ್ಕೆಂದು ಪರಿಚಯದ ವಕೀಲರಿಂದ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪುಸ್ತಕ ಇಸಕೊಂಡು ಓದಿದೆ. ಬರೀ ಹತ್ತೊಂಬತ್ತು ಕಲಮುಗಳು. ಅಡಿಗೆ ಆಗುವುದರೊಳಗೆ ಓದಿ ಮುಗಿಸಬಹುದು. ಅದನ್ನು ಬರೆದವರಿಗೆ ತಾಯಿಕರುಳು ಇದ್ದಿರಬೇಕು. ಇಪ್ಪತ್ತೊಂದು ತುಂಬದವರನ್ನು ಜೈಲಿಗೆ ಹಾಕುವುದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಅಧಿಕಾರಿಯ ವರದಿ ಗುಟ್ಟಾಗಿರಬೇಕು. ಹೀಗೆ ಬಿಡುಗಡೆಯಾದವನಿಗೆ ಆ ಶಿಕ್ಷೆಯಿಂದ ಯಾವ ಅನರ್ಹತೆಯೂ ಅಂಟಬಾರದು. ಹದಿನಾಲ್ಕನೆಯ ಕಲಮಂತೂ ಅಧಿಕಾರಿಯು ಮನೆಯ ಪರಿಸ್ಥಿತಿ ವಿಚಾರಿಸಬೇಕು, ನಿಗಾ ಇಡಬೇಕು, ಅಗತ್ಯವಿದ್ದರೆ ಕೆಲಸ ಹುಡುಕಿಕೊಡಲು ಪ್ರಯತ್ನಿಸಬೇಕು ಎನ್ನುತ್ತದೆ. ಫೋಟೋ ಇವುಗಳಲ್ಲಿ ಯಾವುದನ್ನು ಮಾಡಿತು?

ಹುಡುಗನ ಹತ್ತಿರ ಒಳ್ಳೆಯ ಫೋನಿರಲಿಲ್ಲ. ಫೋಟೋ ಹೋಗುತ್ತಿದ್ದದ್ದು ಪಿಯುಸಿ ಓದುವ ತಂಗಿಯ ಫೋನಿನಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು ನೂರಕ್ಕೆ ಸುಮಾರು 54 ಮಾತ್ರ. ಇದ್ದ ಒಂದನ್ನೂ ಅಣ್ಣನ ಶಿಕ್ಷೆಗೆ ಒತ್ತೆ ಇಟ್ಟಂತಾಯಿತು. ಒಂದು ಮದುವೆಮನೆಯಲ್ಲಿ ಸೀರೆಯ ಫೋಟೋ ನೋಡಲೆಂದು ಆ ಫೋನು ಕೈಯಿಂದ ಕೈಗೆ ಹೋಯಿತು. ಸೋಮವಾರಗಳ ಸಾಲು, ಮೇಲೆ ಕೇಸಿನ ನಂಬರು! ಕಳವಿನ ಸುದ್ದಿ ಊರಿಗೆ ಮೊದಲೇ ಗೊತ್ತಿತ್ತು, ಬೀಗರ ಊರಿಗೆ ಗೊತ್ತಿರಲಿಲ್ಲ. ದೊಡ್ಡ ಮಗಳಿಗೆ ಬಂದಿದ್ದ ಸಂಬಂಧದವರು ಆಮೇಲೆ ಮಾತೆತ್ತಲಿಲ್ಲ. ಕಾಯ್ದೆ ಅಂಟಬಾರದೆಂದ ಕಲೆ ಯಾರಿಗೆ ಅಂಟಿತು ನೋಡಿ.

ಅಮೆರಿಕದಲ್ಲಿ 1983ರಲ್ಲಿ ಜಾಕ್ ಲವ್ ಎಂಬ ನ್ಯಾಯಾಧೀಶರು ಸ್ಪೈಡರ್‌ಮ್ಯಾನ್ ಚಿತ್ರಕಥೆಯಿಂದ ಸ್ಫೂರ್ತಿ ಪಡೆದು ಅಪರಾಧಿಗಳ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿದ್ದರು. ಮಕ್ಕಳ ಪುಸ್ತಕದಿಂದ ಹುಟ್ಟಿದ ಆ ಕಾಲ್ಕಡಗ 2023ರಲ್ಲಿ ಕಾಶ್ಮೀರಕ್ಕೂ ಬಂತು. ಜಾಮೀನಿನ ಮೇಲಿದ್ದವನು ಗೂಗಲ್ ನಕ್ಷೆಯಲ್ಲಿ ತಾನಿರುವ ಜಾಗ ಗುರುತಿಸಿ ತನಿಖಾಧಿಕಾರಿಗೆ ತೋರಿಸಬೇಕೆಂಬ ಷರತ್ತನ್ನು ನಮ್ಮ ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತೆಗೆದುಹಾಕಿತು. ಅದು ಜಾಮೀನಿನ ಮಾತು. ಈ ಹುಡುಗ ತಪ್ಪಿತಸ್ಥನೆಂದು ತೀರ್ಮಾನವಾದವನು, ಅವನ ಮೇಲೆ ನಿಗಾ ಇರಲೇಬೇಕು. ನನ್ನ ತಕರಾರು ನಿಗಾದ ಮೇಲಲ್ಲ, ಎಲ್ಲಿದ್ದಾನೆ ಎಂದು ತಿಳಿದರೆ ಹೇಗಿದ್ದಾನೆ ಎಂದೂ ತಿಳಿದಂತೆ ಎಂಬ ಲೆಕ್ಕದ ಮೇಲೆ.

ಐದು ತಿಂಗಳ ಮೇಲೆ ಅಧಿಕಾರಿಯೊಬ್ಬರು ಬಸ್ಸಿಳಿದು ಮನೆಗೇ ಬಂದರಂತೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಹಳೇ ಫ್ಯಾನು ಕಂಡು "ಯಾರು ಬಿಚ್ಚಿದ್ದು?" ಎಂದರು. ಹುಡುಗ ತಲೆ ತಗ್ಗಿಸಿದ. ಬಿಚ್ಚಿದ್ದೂ ಕದ್ದದ್ದೇ ಇರಬೇಕೆನ್ನುತ್ತಾರೆಂಬ ಹೆದರಿಕೆ. ತಾಯಿ, "ಊರಿನ ಫ್ಯಾನೆಲ್ಲಾ ಇವನ ರಿಪೇರಿ ಮಾಡತಾನ್ರಿ ಸಾಹೇಬ್ರ" ಅಂದಳು. ಇಪ್ಪತ್ತು ಫೋಟೋಗಳು ಹೇಳದ್ದನ್ನು ಒಂದು ಕಪ್ಪು ಚಹಾ ಹೇಳಿತು. ಹದಿನೈದು ದಿನದಲ್ಲಿ ಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಈಗ ಅದೇ ತಾಮ್ರವನ್ನು ಸುತ್ತಿ ಕೂಲಿ ತರುತ್ತಾನೆ.

ಫೋನು ಬೇಕಾದರೆ ಅಧಿಕಾರಿಯ ಕೈಯಲ್ಲಿರಲಿ. ಮುಂದಿನ ಭೇಟಿಯ ತಾರೀಖು ನೆನಪಿಸಲಿ, ಎಲ್ಲಿ ಕೆಲಸ ಖಾಲಿಯಿದೆ ಎಂದು ತಿಳಿಸಲಿ, ಅವರ ದಫ್ತರದ ಬರವಣಿಗೆ ಕಡಿಮೆ ಮಾಡಲಿ. ಉಳಿದ ಹೊತ್ತಿನಲ್ಲಿ ಅವರು ಇನ್ನೊಂದು ಬಸ್ಸು ಹತ್ತಬಹುದು.

ಫೋಟೋ ಕಳಿಸುವುದು ಮಾತ್ರ ಇನ್ನೂ ನಿಂತಿಲ್ಲ. ಹೋದ ವಾರ ಹಾಲು ತಂದವಳು ತಂಗಿ. "ಸೋಮವಾರ ನಂದು ಟೆಸ್ಟ್ ಐತ್ರಿ ಅತ್ತಿ, ನೋಟ್ಸೆಲ್ಲಾ ಫೋನಿನ್ಯಾಗ ಅದಾವ. ಅಣ್ಣಗ ಒಂದೀಟ ನಿಮ್ಮ ಫೋನ್ ಕೊಡ್ತೀರೇನು?" ಎಂದು ಕೇಳಿದಳು.