ಮೂಳೆ ವೈದ್ಯರ ಆರನೆಯ ವರ್ಷ

ಅಮೆರಿಕದಲ್ಲಿ ಮೂಳೆ ಶಸ್ತ್ರವೈದ್ಯರಾಗಲು ಮೆಡಿಕಲ್ ಕಾಲೇಜು ಮುಗಿಸಿ ಐದು ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿ ಮಾಡಿದರೆ ಸಾಕು. ಆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅಲ್ಲಿಗೆ ನಿಲ್ಲುವುದಿಲ್ಲ. ಕ್ರೀಡಾಗಾಯ, ಕೀಲು ಬದಲಾವಣೆ, ಬೆನ್ನುಮೂಳೆ, ಕೈ, ಅಪಘಾತ, ಪಾದ, ಮಕ್ಕಳ ಮೂಳೆ, ಮೂಳೆ ಕ್ಯಾನ್ಸರ್ ಹೀಗೆ ಒಂದು ವಿಭಾಗ ಹಿಡಿದು ಇನ್ನೊಂದು ವರ್ಷ ಫೆಲೋಶಿಪ್‌ಗೆ ಹೋಗುತ್ತಾರೆ. ಯಾವುದಕ್ಕೆ ಪೈಪೋಟಿ ಹೆಚ್ಚು ಎಂಬ ಚರ್ಚೆ ಆಗಲೇ ಶುರು.

ಈ ಚರ್ಚೆ ನಡೆಯುವ ರೀತಿಯಲ್ಲೇ ದೋಷವಿದೆ. ಅರ್ಜಿ ಹಾಕಿದವರೆಷ್ಟು, ಸೀಟು ಸಿಕ್ಕವರೆಷ್ಟು ಎಂಬ ಶೇಕಡಾವಾರು ಲೆಕ್ಕವನ್ನೇ ಎಲ್ಲರೂ ಮುಂದಿಡುತ್ತಾರೆ. ಅತಿ ಹೆಚ್ಚು ಸೀಟುಗಳಿರುವುದು ಕ್ರೀಡಾಗಾಯ ವಿಭಾಗದಲ್ಲಿ. ಹಾಗಾಗಿ ಎಲ್ಲಾದರೂ ಒಂದು ಸೀಟು ಪಡೆಯುವುದು ಅಷ್ಟು ಕಷ್ಟವಲ್ಲ. ಲಾಸ್ ಏಂಜಲೀಸ್‌ನ ಕರ್ಲನ್-ಜೋಬ್ ಕ್ಲಿನಿಕ್‌ನಲ್ಲೋ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲೋ ಬೇಕೆಂದರೆ ಮಾತೇ ಬೇರೆ. 1974ರಲ್ಲಿ ಆ ಕ್ಲಿನಿಕ್ಕಿನ ಫ್ರಾಂಕ್ ಜೋಬ್ ಅವರು ಬೇಸ್‌ಬಾಲ್ ಆಟಗಾರ ಟಾಮಿ ಜಾನ್ ಅವರ ಮೊಣಕೈಯಲ್ಲಿ ಹರಿದ ಅಸ್ಥಿಬಂಧದ ಜಾಗಕ್ಕೆ ಮುಂಗೈಯ ಸ್ನಾಯುರಜ್ಜು ಕಸಿ ಮಾಡಿದರು. ಮುಗಿದೇಹೋಯಿತು ಎನ್ನುವಂತಿದ್ದ ಆಟಗಾರ 1976ರಲ್ಲಿ ಮೈದಾನಕ್ಕೆ ಮರಳಿ 1989ರವರೆಗೆ ಆಡಿದರು. ಅಂಥ ಹೆಸರಿನ ನೆರಳಿಗೆ ಯಾರಿಗೆ ಆಸೆಯಿಲ್ಲ? ವಿಭಾಗದ ಸರಾಸರಿ ಅಂಕಿ ಈ ನೂಕುನುಗ್ಗಲನ್ನು ಮುಚ್ಚಿಹಾಕುತ್ತದೆ.

ಮೂಳೆ ಕ್ಯಾನ್ಸರ್ ವಿಭಾಗದ್ದು ತದ್ವಿರುದ್ಧ ಕಥೆ. ಸೀಟುಗಳು ಬೆರಳೆಣಿಕೆಯಷ್ಟು. ನಾಲ್ಕು ಅರ್ಜಿ ಹೆಚ್ಚು ಬಂದ ವರ್ಷ ಅದು ‘ಕಠಿಣ’, ಕಡಿಮೆ ಬಂದ ವರ್ಷ ‘ಸುಲಭ’. ನಿಜವಾದ ಇಕ್ಕಟ್ಟು ಎದುರಾಗುವುದು ಆಮೇಲೆ: ಈ ಕೆಲಸವಿರುವುದು ಬಹುಮಟ್ಟಿಗೆ ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಮಾತ್ರ. ಕೀಲು ಬದಲಾವಣೆ ಕಲಿತವರಿಗೆ ಈ ಚಿಂತೆಯಿಲ್ಲ. ಸವೆದ ಮಂಡಿಗಳು ಯಾವ ಊರಿನಲ್ಲಿಲ್ಲ ಹೇಳಿ.

ದುಡ್ಡಿನ ಪಾತ್ರವನ್ನೂ ಮರೆಯುವಂತಿಲ್ಲ. ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೆ ಗಳಿಕೆ ಹೆಚ್ಚು, ಜೊತೆಗೆ ಮೊಕದ್ದಮೆಯ ಭಯವೂ ಹೆಚ್ಚು. ಮಕ್ಕಳ ಮೂಳೆ ವೈದ್ಯರ ಬಳಿ ಬರುವ ಅನೇಕ ಕುಟುಂಬಗಳದ್ದು ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆ. ಅದು ಖಾಸಗಿ ವಿಮೆಗಿಂತ ಕಡಿಮೆ ಕೊಡುತ್ತದೆ. ವಕ್ರಪಾದದ ಶಿಶುವಿಗೆ ವಾರವಾರ ಪ್ಲಾಸ್ಟರ್ ಬದಲಿಸುವ ಕೈಗೆ ಕೌಶಲ ಕಡಿಮೆ ಬೇಕೆಂದೇನಲ್ಲ, ಬಿಲ್ಲು ಚಿಕ್ಕದು ಅಷ್ಟೆ.

ಆಯ್ಕೆ ಪದ್ಧತಿ ಮಾತ್ರ ಮೊದಲಿಗಿಂತ ಎಷ್ಟೋ ಮೇಲು. ಹಿಂದೆ ಆಸ್ಪತ್ರೆಗಳು ಒಂದರ ಮೇಲೊಂದು ಬಿದ್ದು, ರೆಸಿಡೆನ್ಸಿ ಅರ್ಧದಲ್ಲಿರುವಾಗಲೇ ಅಭ್ಯರ್ಥಿಗಳಿಗೆ ಸೀಟು ಕೊಟ್ಟು, ಈಗಲೇ ಹೂಂ ಅನ್ನಿ ಎಂದು ಒತ್ತಾಯಿಸುತ್ತಿದ್ದವು. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಕೂಡ ಈ ಗೊಂದಲವನ್ನು ಅಧ್ಯಯನ ಮಾಡಿದ್ದರು. ಈಗ ಹೆಚ್ಚಿನ ವಿಭಾಗಗಳಲ್ಲಿ ಎರಡೂ ಕಡೆಯವರು ತಮ್ಮ ಆದ್ಯತೆಯ ಪಟ್ಟಿ ಕೊಡುತ್ತಾರೆ, ಗಣಕ ಜೋಡಿ ಮಾಡುತ್ತದೆ. ಗುರುಗಳ ಒಂದು ಫೋನ್ ಕರೆಗೆ ಇಂದಿಗೂ ಬೆಲೆಯಿದೆ ಎನ್ನುವುದು ಬೇರೆ ಮಾತು.

ಅರ್ಜಿ ಹಾಕುವವರು ಶೇಕಡಾವಾರು ಪಟ್ಟಿಯನ್ನು ಪಕ್ಕಕ್ಕಿಟ್ಟು ಎರಡು ಸಂಗತಿ ವಿಚಾರಿಸಿದರೆ ಒಳ್ಳೆಯದು: ಅಲ್ಲಿ ಫೆಲೋ ಸ್ವತಃ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಹಿಂದಿನ ಫೆಲೋಗಳು ಈಗ ಎಲ್ಲಿ ಕೆಲಸದಲ್ಲಿದ್ದಾರೆ.